ತೀವ್ರ ಅಲರ್ಜಿ: ಗುರುತಿಸುವ ಬಗೆ ಮತ್ತು ಮೊದಲ ನಿಮಿಷಗಳ ಚಿಕಿತ್ಸೆ

ಮೈಮೇಲೆ ಗಂಧೆ ಎದ್ದರೆ ಅದನ್ನು ಪಿತ್ತವೆಂದು ಬಗೆದು, ಕಂಬಳಿಯಿಂದ ಉಜ್ಜಿ ಸುಮ್ಮನಾಗುವ ರೂಢಿ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದೆ. ಬರಿಯ ಗಂಧೆಯಾಗಿದ್ದರೆ ಸಾಮಾನ್ಯವಾಗಿ ಭಯಪಡಬೇಕಿಲ್ಲ. ಆದರೆ ಶೇಂಗಾ ಹೋಳಿಗೆ ತಿಂದ, ಹೆಜ್ಜೇನು ಕಡಿದ ಅಥವಾ ಇಂಜೆಕ್ಷನ್ ಮಾಡಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ಉಸಿರಾಡಲು ಕಷ್ಟವಾದರೆ, ಧ್ವನಿ ಗೊಗ್ಗರಾದರೆ, ನಾಲಿಗೆ ಅಥವಾ ಗಂಟಲು ಬಾತುಕೊಂಡರೆ, ತಲೆ ಸುತ್ತಿ ಬಿದ್ದರೆ, ಇಲ್ಲವೇ ಗಂಧೆಯೊಂದಿಗೆ ಮೇಲಿಂದ ಮೇಲೆ ವಾಂತಿಯಾದರೆ, ಅದನ್ನು ಅನಾಫಿಲಾಕ್ಸಿಸ್ ಎಂಬ ಪ್ರಾಣಾಂತಿಕ ಅಲರ್ಜಿಯೆಂದೇ ತಿಳಿಯಬೇಕು. ಹತ್ತರಲ್ಲಿ ಒಬ್ಬಿಬ್ಬರಿಗೆ ಗಂಧೆ ಏಳುವುದೇ ಇಲ್ಲ. ಆದ್ದರಿಂದ ಚರ್ಮ ನೋಡಿ ಸಮಾಧಾನ ಪಡುವುದು ಸರಿಯಲ್ಲ. ಮಾತು ಬಾರದ ಮಕ್ಕಳು ಇದ್ದಕ್ಕಿದ್ದಂತೆ ಬಿಳಿಚಿಕೊಂಡು, ಕೈಕಾಲು ಸೋತು ಮಂಕಾದರೂ ಇದೇ ಸಂಶಯ ಬರಬೇಕು.

ಈ ಸ್ಥಿತಿಯಲ್ಲಿ ರಕ್ತನಾಳಗಳು ಹಿಗ್ಗಿ ಸೋರತೊಡಗುವುದರಿಂದ ರಕ್ತದೊತ್ತಡ ಕುಸಿಯುತ್ತದೆ, ಶ್ವಾಸನಾಳಗಳು ಬಿಗಿಯುತ್ತವೆ. ಇವೆರಡನ್ನೂ ಒಟ್ಟಿಗೆ ಹಿಮ್ಮೆಟ್ಟಿಸುವ ಔಷಧ ಅಡ್ರಿನಲಿನ್ ಒಂದೇ. ಅವಿಲ್, ಸೆಟಿರಿಜಿನ್ ತುರಿಕೆಯನ್ನು ತಗ್ಗಿಸುತ್ತವೆಯೇ ಹೊರತು ಉಸಿರನ್ನು ಉಳಿಸುವುದಿಲ್ಲ. ಸ್ಟಿರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕು. ಅವಿಲ್ ಮತ್ತು ಡೆಕ್ಸಾ ಎಂಬ ಸ್ಟಿರಾಯ್ಡ್ ಚುಚ್ಚಿ ಕಾದು ನೋಡುವ ಅಭ್ಯಾಸವೇ ಇಲ್ಲಿನ ದೊಡ್ಡ ಅಪಾಯವೆಂದು ನನ್ನ ಅಭಿಪ್ರಾಯ.

ಒಂದು ಎಂ.ಎಲ್.ಗೆ ಒಂದು ಎಂ.ಜಿ. ಇರುವ ಅಡ್ರಿನಲಿನ್ ಆಂಪೂಲ್‌ನಿಂದ (ಔಷಧ ತುಂಬಿದ ಪುಟ್ಟ ಗಾಜಿನ ಸೀಸೆ) ದೊಡ್ಡವರಿಗೆ 0.5 ಎಂ.ಎಲ್., 6ರಿಂದ 12 ವರ್ಷದವರಿಗೆ 0.3 ಎಂ.ಎಲ್., ಅದಕ್ಕಿಂತ ಚಿಕ್ಕ ಮಕ್ಕಳಿಗೆ 0.15 ಎಂ.ಎಲ್. ಪ್ರಮಾಣವನ್ನು ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ ಕೊಡಲಾಗುತ್ತದೆ. ಐದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೆ ಕೊಡಬಹುದು. ಇದು ತರಬೇತಿ ಪಡೆದವರ ಕೆಲಸವಾದರೂ, ಅಡ್ರಿನಲಿನ್ ಕೊಟ್ಟರೇ ಎಂದು ಕೇಳುವಷ್ಟು ತಿಳಿವಳಿಕೆ ಮನೆಯವರಿಗೂ ಇರಬೇಕು.

ಅಡ್ರಿನಲಿನ್ ಸಿಗುವವರೆಗೆ ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿಸಿ ಕೂರಿಸಬಹುದು. ಗರ್ಭಿಣಿಯನ್ನು ಎಡ ಮಗ್ಗುಲಿಗೆ, ವಾಂತಿಯಾಗುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ಯಾರನ್ನೇ ಆದರೂ ಒಂದು ಮಗ್ಗುಲಿಗೆ ಮಲಗಿಸಬೇಕು. ಉಸಿರಾಟವೇ ನಿಂತರೆ ಕೂಡಲೇ ಎದೆ ಒತ್ತಲು ಆರಂಭಿಸಬೇಕು. ಎಬ್ಬಿಸಿ ನಿಲ್ಲಿಸುವುದು, ನಡೆಸುವುದು, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಬೇಡ, ಏಕೆಂದರೆ ರಕ್ತದೊತ್ತಡ ಕುಸಿದವರು ನೆಟ್ಟಗಾದ ಕ್ಷಣದಲ್ಲೇ ಹೃದಯ ನಿಂತ ಉದಾಹರಣೆಗಳಿವೆ. ಜೇನು ಕಡಿದಿದ್ದರೆ ಮುಳ್ಳನ್ನು ಹೇಗಾದರೂ ಸರಿ, ಬೇಗ ಕಿತ್ತುಹಾಕಬೇಕು. ಸುಣ್ಣ ಹಚ್ಚುತ್ತಾ ಹೊತ್ತು ಕಳೆಯಬಾರದು.

108ಕ್ಕೆ ಕರೆ ಮಾಡುವಾಗ ಉಸಿರಾಟದ ತೊಂದರೆಯನ್ನು ಮೊದಲು ಹೇಳಬೇಕು. ಆಂಬುಲೆನ್ಸ್ ತಡವಾಗುವಂತಿದ್ದರೆ ಮಲಗಿಸಲು ಜಾಗವಿರುವ ಜೀಪನ್ನು ಹಿಡಿಯಬೇಕು. ಚಿಂಚೋಳಿ, ಔರಾದ, ಸುರಪುರದ ಒಳಹಳ್ಳಿಗಳಿಂದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳನ್ನು ಅಥವಾ ಯಾದಗಿರಿಯ ಜಿಲ್ಲಾ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ರೋಗಿಯ ಬಳಿ ಇರುವುದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ಡೋಸ್ ಪಡೆದು ಮುಂದೆ ಹೋಗುವುದೇ ಜಾಣತನ. ಚೇತರಿಸಿಕೊಂಡ ಕೆಲವು ಗಂಟೆಗಳ ಬಳಿಕ ಲಕ್ಷಣಗಳು ಮರಳಬಹುದಾದ್ದರಿಂದ, ವೈದ್ಯರು ಹೇಳುವವರೆಗೆ ಮನೆಗೆ ಹಿಂತಿರುಗಬಾರದು.

ಒಮ್ಮೆ ಹೀಗಾದವರು ಕಾರಣವನ್ನು ಪತ್ತೆ ಮಾಡಿಸಿ, ಔಷಧವಾಗಿದ್ದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಜೊತೆಯಲ್ಲಿಡಬೇಕು. ನಮ್ಮ ಅಡುಗೆಯಲ್ಲಿ ಶೇಂಗಾ ಪುಡಿ ಎಣ್ಣೆಗಾಯಿಯೊಳಗೂ ಎಳ್ಳು ಸಜ್ಜೆ ರೊಟ್ಟಿಯ ಮೇಲೂ ಇರುವುದರಿಂದ ಖಾನಾವಳಿಯಲ್ಲಾಗಲಿ ಮದುವೆಯೂಟದಲ್ಲಾಗಲಿ ಕೇಳಿಯೇ ತಿನ್ನಬೇಕು. ಹೊಲದಲ್ಲಿ ಹಾವು ಕಚ್ಚಿದಾಗ ಕೊಡುವ ಪ್ರತಿವಿಷದಿಂದಲೂ ಇಂಥ ಅಲರ್ಜಿ ಬರಬಹುದು, ಆದರೆ ಆ ಅಂಜಿಕೆಯಿಂದ ಪ್ರತಿವಿಷವನ್ನು ನಿರಾಕರಿಸುವುದು ತಪ್ಪು. ಆಸ್ಪತ್ರೆಯವರು ಅಡ್ರಿನಲಿನ್ ಸಿದ್ಧವಿಟ್ಟುಕೊಂಡೇ ಅದನ್ನು ಕೊಡುತ್ತಾರೆ. ವೈದ್ಯರು ಕಲಿಸಿಕೊಟ್ಟು ಮನೆಯಲ್ಲೇ ಅಡ್ರಿನಲಿನ್ ಇಟ್ಟುಕೊಳ್ಳಲು ಹೇಳಿದ್ದರೆ, ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ಬೈಕಿನ ಡಿಕ್ಕಿಯಲ್ಲಾಗಲಿ ತಗಡಿನ ಚಾವಣಿಯ ಕೆಳಗಾಗಲಿ ಇಡದೆ, ಬೆಳಕು ತಾಗದ ತಂಪು ಜಾಗದಲ್ಲಿಟ್ಟು, ದ್ರವದ ಬಣ್ಣ ಬದಲಾದರೆ ಹೊಸದನ್ನು ತರಬೇಕು.