ಸ್ಲಾಟ್ ಕಾರಿನ ಅಂದ ಮತ್ತು ಓಟ: ನನ್ನ ಅನುಭವ

ಸ್ಲಾಟ್ ಕಾರು ಎಂದರೆ ಸೀಳಿರುವ ಟ್ರ್ಯಾಕಿನ ಮೇಲೆ ವಿದ್ಯುತ್ತಿನಿಂದ ಓಡುವ ಪುಟ್ಟ ಆಟದ ಕಾರು. ಅದಕ್ಕೆ ಸ್ಟೀರಿಂಗ್ ಇರುವುದಿಲ್ಲ. ಕಾರಿನ ಮುಂಭಾಗದಿಂದ ಟ್ರ್ಯಾಕಿನ ಸೀಳಿನೊಳಗೆ ಇಳಿದ ಗೈಡ್ ಎಂಬ ಅಲಗು ಅದಕ್ಕೆ ದಾರಿ ತೋರಿಸುತ್ತದೆ. ಸೀಳಿನ ಇಕ್ಕೆಲದ ಲೋಹದ ಹಳಿಗಳಿಂದ ತಾಮ್ರದ ಎಳೆಗಳ ಬ್ರೇಡುಗಳು ಮೋಟಾರಿಗೆ ವಿದ್ಯುತ್ತನ್ನು ಒಯ್ಯುತ್ತವೆ. ಓಡಿಸುವವರ ಕೈಯಲ್ಲಿ ಉಳಿಯುವುದು ಕಂಟ್ರೋಲರಿನ ಟ್ರಿಗರ್ ಒಂದೇ. ಫ್ರೆಡ್ ಫ್ರಾನ್ಸಿಸ್ ಅವರು 1957ರಲ್ಲಿ ಬ್ರಿಟನ್ನಿನಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಸ್ಲಾಟ್ ಕಾರಿನ ಆಟವನ್ನು ಹೊರತಂದಾಗಿನಿಂದ ಸೀಳು ಮತ್ತು ಹಳಿಗಳ ಈ ಮೂಲ ತತ್ವ ಹೆಚ್ಚು ಬದಲಾಗಿಲ್ಲ.

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಯ ಉಪ್ಪರಿಗೆಯಲ್ಲಿ ಟ್ರ್ಯಾಕ್ ಜೋಡಿಸಿಟ್ಟಿದ್ದೇನೆ. ಅದರ ಮೇಲೆ ಹೆಚ್ಚು ಓಡುವುದು 1/32 ಅಳತೆಯ ಫೋರ್ಡ್ ಜಿಟಿ40. 1969ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಕಾರು ಓಟದಲ್ಲಿ ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್ ಗೆದ್ದ 6ನೇ ಸಂಖ್ಯೆಯ ಕಾರಿನ ಮಾದರಿ ಅದು. ಆ ಮೂಲ ಕಾರು ಹಿಂದಿನ ವರ್ಷವೂ ಅಲ್ಲೇ ಗೆದ್ದಿತ್ತು ಎಂಬುದರಿಂದ ನನಗೆ ಅದರ ಮೇಲೆ ವಿಶೇಷ ಅಭಿಮಾನ.

ಮಾದರಿಯ ಅಂದವನ್ನು ನಾನು ಮೊದಲು ಅಳೆಯುವುದು ಎತ್ತರದಲ್ಲಿ. ಜಿಟಿ40 ಎಂಬ ಹೆಸರಿನಲ್ಲಿರುವ 40, ಆ ಕಾರಿನ ಇಂಚು ಲೆಕ್ಕದ ಎತ್ತರ. 32ರಿಂದ ಭಾಗಿಸಿದರೆ ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿಲಿಮೀಟರ್. ಮೋಟಾರಿಗೆ ಜಾಗ ಮಾಡಲೆಂದು ಬಾಡಿಯನ್ನು ಎರಡು ಮಿಲಿಮೀಟರ್ ಎತ್ತಿದರೂ ನೆಲಕ್ಕೆ ಒರಗಿದಂತಿರುವ ಆ ಗತ್ತು ಹೋಗಿಬಿಡುತ್ತದೆ. ನನ್ನ ಬಳಿಯ ಮಾದರಿಯಲ್ಲಿ ಅದು ಉಳಿದಿದೆ. ತಿಳಿನೀಲಿ ಮೈಯ ಮೇಲಿನ ಕಿತ್ತಳೆ ಪಟ್ಟಿ ಬಾನೆಟ್ಟಿನ ಸಂದಿಯನ್ನು ದಾಟುವಲ್ಲಿಯೂ ಅಂಚು ಕದಡಿಲ್ಲ. ಮೂಲದಲ್ಲಿದ್ದಂತೆ ಚಾಲಕನ ಗೊಂಬೆ ಬಲಗಡೆ ಕುಳಿತಿದೆ. ಚಕ್ರಗಳು ಮಾತ್ರ ಕಮಾನಿನೊಳಗೆ ತುಸು ಹೆಚ್ಚೇ ಹುದುಗಿದ್ದವು. ಹಿಂದಿನ ಆಕ್ಸಲಿಗೆ ತೆಳುವಾದ ವಾಷರುಗಳನ್ನು ಸೇರಿಸಿ ಅವನ್ನು ಬಾಡಿಯ ಅಂಚಿಗೆ ತಂದೆ. ಇದರಿಂದ ನೋಟವೂ ಸರಿಹೋಯಿತು, ಹಿಂಬದಿಯ ಅಗಲ ಹೆಚ್ಚಿದ್ದರಿಂದ ತಿರುವಿನಲ್ಲಿ ಕಾರು ಮಗುಚುವುದೂ ಕಡಿಮೆಯಾಯಿತು.

ಓಟದ ವಿಷಯಕ್ಕೆ ಬಂದರೆ, ನಾನು ಮೊದಲು ಮಾಡಿದ ಕೆಲಸ ಕೆಳಗಿನ ಅಯಸ್ಕಾಂತವನ್ನು ತೆಗೆದದ್ದು. ಅದು ಉಕ್ಕಿನ ಹಳಿಗಳನ್ನು ಸೆಳೆದು ಕಾರನ್ನು ಟ್ರ್ಯಾಕಿಗೆ ಅಂಟಿಸಿಡುತ್ತದೆ, ವೇಗವೂ ಹೆಚ್ಚುತ್ತದೆ. ಆದರೆ ಹಿಡಿತ ತಪ್ಪುವ ಕ್ಷಣ ಯಾವ ಸೂಚನೆಯೂ ಇಲ್ಲದೆ ಬರುತ್ತದೆ. ಅಯಸ್ಕಾಂತವಿಲ್ಲದ ಕಾರಿನ ಬಾಲ ಮೊದಲು ಮೆಲ್ಲನೆ ಹೊರಗೆ ಜಾರುತ್ತದೆ, ಬೆರಳು ಸಡಿಲಿಸಿ ಅದನ್ನು ಮರಳಿ ಹಿಡಿಯಲು ಅವಕಾಶವಿರುತ್ತದೆ. ನಿಜವಾದ ಹಿಂಬದಿ ಎಂಜಿನ್ನಿನ ಕಾರಿನ ಸ್ವಭಾವ ಕಾಣುವುದು ಹೀಗೆ ಓಡಿಸಿದಾಗಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಯಸ್ಕಾಂತ ಹೋದ ಮೇಲೆ ತೂಕ ಬೇಕು. ಬಂದರಿನ ಬಳಿ ಗಾಳದ ಸಾಮಾನು ಮಾರುವ ಅಂಗಡಿಯಲ್ಲಿ ಸೀಸದ ತುಂಡುಗಳು ಸಿಗುತ್ತವೆ. ಅಂಗಡಿಯವರು “ಯಾವ ಮೀನಿಗೆ ಮಾರಾಯ್ರೆ?” ಎಂದು ಕೇಳಿದಾಗ ಆಟದ ಕಾರಿಗೆಂದು ವಿವರಿಸಬೇಕಾಯಿತು. ಅವನ್ನು ಸುತ್ತಿಗೆಯಿಂದ ತೆಳ್ಳಗೆ ತಟ್ಟಿ, ಕತ್ತರಿಸಿ, ಎರಡು ಬದಿಯ ಅಂಟುಪಟ್ಟಿಯಿಂದ ಚಾಸಿಯ (ಕಾರಿನ ತಳದ ಚೌಕಟ್ಟಿನ) ಒಳಮೈಗೆ, ಎಷ್ಟು ಸಾಧ್ಯವೋ ಅಷ್ಟು ತಗ್ಗಿನಲ್ಲಿ, ಹೆಚ್ಚಿನ ಪಾಲು ಹಿಂದಿನ ಆಕ್ಸಲಿನ ಮುಂದೆ ಬರುವಂತೆ ಅಂಟಿಸಿದೆ. ಗೈಡಿನ ಹಿಂದೆಯೂ ಒಂದು ಚೂರು ಇಟ್ಟೆ, ಇಲ್ಲವಾದರೆ ವೇಗ ಹೆಚ್ಚಿಸಿದಾಗ ಮೂತಿ ಮೇಲೆದ್ದು ಗೈಡ್ ಸೀಳಿನಿಂದ ಹೊರಬರುತ್ತದೆ. ಸೀಸ ಮುಟ್ಟಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಲೇಬೇಕು.

ಹಿಡಿತ ನಿಜವಾಗಿ ತೀರ್ಮಾನವಾಗುವುದು ಹಿಂದಿನ ಟಯರುಗಳಲ್ಲಿ. ಅಚ್ಚಿನಿಂದ ಬಂದ ರಬ್ಬರ್ ಪೂರ್ತಿ ದುಂಡಗಿರುವುದಿಲ್ಲ. ಅದನ್ನು ರಿಮ್ಮಿಗೆ ಅಂಟಿಸಿ, ಚಪ್ಪಟೆ ಹಲಗೆಯ ಮೇಲಿನ ನಯವಾದ ಮರಳು ಕಾಗದಕ್ಕೆ ತಾಗಿಸಿ, ಕಡಿಮೆ ವೋಲ್ಟೇಜಿನಲ್ಲಿ ಮೋಟಾರನ್ನು ತಿರುಗಿಸಿದೆ. ಮೊದಲಿಗೆ ರಬ್ಬರಿನ ಎರಡು ಅಂಚುಗಳಷ್ಟೇ ಮಸುಕಾದವು, ನಡುವೆ ಹೊಳಪಿನ ಪಟ್ಟಿ ಉಳಿಯಿತು. ಆ ಹೊಳಪು ಸಂಪೂರ್ಣ ಮಾಯವಾಗುವವರೆಗೆ ತಾಳ್ಮೆಯಿಂದ ಉಜ್ಜಿದೆ. ಮುಂದಿನ ಟಯರುಗಳಿಗೆ ಹಿಡಿತವೇ ಬೇಡವಾದ್ದರಿಂದ ಅವುಗಳಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದಿದ್ದೇನೆ. ಬಾಡಿಯ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿದ ಮೇಲೆ ಚಾಸಿಯ ನಡುಕ ಬಾಡಿಗೆ ತಟ್ಟುವುದು ನಿಂತು, ಓಟದ ಸದ್ದೇ ಮೆತ್ತಗಾಯಿತು.

ನಮ್ಮ ಕರಾವಳಿಯ ಉಪ್ಪುಗಾಳಿ ಈ ಹವ್ಯಾಸಕ್ಕೆ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಕ್ಕಿನ ಹಳಿಗಳ ಮೇಲೆ ತುಕ್ಕಿನ ಕಂದು ಪದರ ಬೇಗನೆ ಕೂರುತ್ತದೆ, ಕಾರು ತಡೆತಡೆದು ಓಡುತ್ತದೆ. ಆಡುವ ಮುನ್ನ ಹಳಿಗಳನ್ನು ಗಟ್ಟಿ ರಬ್ಬರಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸುತ್ತೇನೆ. ಆಡಿದ ನಂತರ ತೆಳು ಎಣ್ಣೆ ಸೋಕಿಸಿದ ಬಟ್ಟೆಯನ್ನು ಹಳಿಯ ಮೇಲೆ ಎಳೆದು, ಮರುದಿನ ಅದನ್ನೂ ಒರೆಸಿ ತೆಗೆಯುತ್ತೇನೆ, ಏಕೆಂದರೆ ಎಣ್ಣೆ ಟಯರಿಗೆ ತಗಲಿದರೆ ಉಜ್ಜಿದ ಶ್ರಮವೆಲ್ಲ ವ್ಯರ್ಥ. ಬ್ರೇಡಿನ ತುದಿಯ ಎಳೆಗಳು ಕಪ್ಪಾದರೆ ನಾನು ಸ್ವಚ್ಛಗೊಳಿಸಲು ಹೋಗುವುದಿಲ್ಲ, ಹೊಸದನ್ನೇ ಹಾಕುತ್ತೇನೆ.