ಸಮುದ್ರದ ಟ್ಯಾಂಕಿನ ಲವಣಾಂಶ: ಮಾಪಕವನ್ನು 35ರಲ್ಲೇ ಹೊಂದಿಸುವ ನನ್ನ ಕ್ರಮ

ರಿಫ್ರಾಕ್ಟೋಮೀಟರ್ ಎಂದರೆ ಹನಿ ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ನೋಡಿ ಉಪ್ಪಿನ ಅಂಶ ಹೇಳುವ ಮಾಪಕ. ಶುದ್ಧ ನೀರಿನ ಹನಿಗೆ ಸೊನ್ನೆ ತೋರಿಸುವ ಮಾಪಕ ಉಪ್ಪು ನೀರಿನ ಹನಿಗೂ ನಿಜ ಹೇಳುತ್ತದೆ ಎಂಬ ಖಾತರಿಯಿಲ್ಲ. ಮನೆಯಲ್ಲಿ ಸಮುದ್ರದ ಮೀನು, ಹವಳ ಸಾಕುವ ಹಲವರು ಆ ಸೊನ್ನೆಯನ್ನು ಕಂಡೇ ಸಮಾಧಾನಪಡುತ್ತಾರೆ. ನನ್ನ ಟ್ಯಾಂಕಿನಲ್ಲಿರುವುದು ಒಂದು ಜೋಡಿ ಕ್ಲೌನ್ ಮೀನು, ಕೆಲವು ಮೆದು ಹವಳ, ಒಂದು ಸೀಗಡಿ. ಲವಣಾಂಶ ಸ್ವಲ್ಪ ಏರಿಳಿದರೆ ಮೀನುಗಳು ಸಹಿಸಿಕೊಳ್ಳುತ್ತವೆ. ಹವಳಕ್ಕೂ ಸೀಗಡಿಗೂ ಅಷ್ಟು ತಾಳ್ಮೆಯಿಲ್ಲ. ನನಗೆ ಬೇಕಾದದ್ದು 35 ಪಿಪಿಟಿ, ಅಂದರೆ ಕಿಲೋ ಉಪ್ಪು ನೀರಿನಲ್ಲಿ 35 ಗ್ರಾಂ ಲವಣ. ಸೊನ್ನೆಯ ಆಸುಪಾಸಿನಲ್ಲಿ ನಾನು ಎಂದೂ ಅಳೆಯುವುದಿಲ್ಲ. ಮಾಪಕ ಅಲ್ಲಿ ಸರಿಯಿದ್ದರೆ ನನಗೇನು ಬಂತು?

ತೊಡಕು ಇರುವುದು ಮಾಪಕದ ಹುಟ್ಟಿನಲ್ಲಿ. ಅಂಗಡಿಗಳಲ್ಲಿ ಸಿಗುವ ಅಗ್ಗದ ರಿಫ್ರಾಕ್ಟೋಮೀಟರುಗಳಲ್ಲಿ ಎಷ್ಟೋ ಮೂಲತಃ ಆಹಾರ ಉದ್ಯಮದ ಉಪ್ಪುನೀರನ್ನು, ಅಂದರೆ ಬರಿಯ ಸೋಡಿಯಂ ಕ್ಲೋರೈಡ್ ದ್ರಾವಣವನ್ನು ಅಳೆಯಲು ಮಾಡಿದವು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ ಕೂಡ ಇರುವುದರಿಂದ ಅದು ಬೆಳಕನ್ನು ಬಾಗಿಸುವ ಪ್ರಮಾಣ ಸ್ವಲ್ಪ ಬೇರೆ. ನಿಜವಾದ 35 ಪಿಪಿಟಿ ಸಮುದ್ರದ ನೀರನ್ನು ಇಂಥ ಮಾಪಕ ಸುಮಾರು 36.5 ಎಂದು ತೋರಿಸುತ್ತದೆ. ಅದನ್ನು ನಂಬಿ 35ಕ್ಕೆ ಇಳಿಸಿದರೆ ಟ್ಯಾಂಕಿನಲ್ಲಿ ಉಳಿಯುವುದು 33.5. ಸೊನ್ನೆಯಲ್ಲಿ ಎಷ್ಟು ಸಲ ಮಾಪಕವನ್ನು ಹೊಂದಿಸುವ ತಿರುಪು ತಿರುಗಿಸಿದರೂ ಈ ತಪ್ಪು ಹೋಗುವುದಿಲ್ಲ.

ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. 36.5 ಗ್ರಾಂ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದರೆ ತೂಕದಲ್ಲಿ ಶೇಕಡಾ 3.65ರ ದ್ರಾವಣ ಸಿಗುತ್ತದೆ. ಅದು ಬೆಳಕನ್ನು ಬಾಗಿಸುವುದು 35 ಪಿಪಿಟಿ ಸಮುದ್ರದ ನೀರಿನಷ್ಟೇ. ಈ ದ್ರಾವಣದ ಹನಿ ಹಾಕಿ, ಮಾಪಕದೊಳಗೆ ಕಾಣುವ ಬಣ್ಣದ ಗಡಿರೇಖೆ 35ರ ಮೇಲೆ ಕೂರುವವರೆಗೆ ತಿರುಪು ತಿರುಗಿಸುತ್ತೇನೆ. ಮಾಪಕ ಯಾವ ಜಾತಿಯದಾದರೂ ಆಗಲಿ, ನನಗೆ ಬೇಕಾದ ಜಾಗದಲ್ಲಿ ಸರಿಯಾಗುತ್ತದೆ. ಆಮೇಲೆ ಸೊನ್ನೆಯಲ್ಲಿ ಒಂದೂವರೆ ಅಂಕ ಕಡಿಮೆ ಬಂದರೆ ಬರಲಿ.

ದ್ರಾವಣ ಮಾಡುವಾಗ ಮಾತ್ರ ಜಿಪುಣನಂತೆ ತೂಗಬೇಕು. ಒಂದು ಗ್ರಾಂ ಹೆಜ್ಜೆಯ ಅಡುಗೆ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಕಲ್ಲುಪ್ಪು ಬೇಡ, ಅದರಲ್ಲಿ ಬೇರೆ ಲವಣಗಳೂ ಕೆಸರೂ ಇರುತ್ತವೆ. ಅಂಗಡಿಯ ಪುಡಿ ಉಪ್ಪು ಸಾಕು, ಅದರೊಳಗಿನ ಅಯೋಡಿನ್ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ತೇವ. ಮಂಗಳೂರಿನ ಮಳೆಗಾಲದಲ್ಲಿ ತೆರೆದಿಟ್ಟ ಉಪ್ಪು ನೀರು ಹೀರಿಕೊಂಡು ಮುದ್ದೆಯಾಗುತ್ತದೆ. ಶೇಕಡಾ 2ರಷ್ಟು ತೇವವಿದ್ದರೂ 36.5 ಗ್ರಾಮಿನಲ್ಲಿ 0.7 ಗ್ರಾಂ ನೀರೇ ಆಯಿತು. ಹಾಗಾಗಿ ಬಾಣಲೆಯಲ್ಲಿ ಹುರಿದು, ಮುಚ್ಚಿದ ಡಬ್ಬದಲ್ಲಿ ಆರಿಸಿ ತೂಗುತ್ತೇನೆ. ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಕುಡಿಯುವ ನೀರಿನ ಆರ್‌ಓ ಯಂತ್ರಗಳಲ್ಲಿ ರುಚಿಗೆಂದು ಖನಿಜ ಬೆರೆಸುವವು ಇರುವುದರಿಂದ ಅದರ ಗೋಜಿಗೆ ಹೋಗುವುದಿಲ್ಲ. ಸಿದ್ಧವಾದ ದ್ರಾವಣ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ.

ಔಷಧಿ ಅಂಗಡಿಯ ಸಲೈನ್ ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಸಾಮಾನ್ಯ ಸಲೈನ್ ಶೇಕಡಾ 0.9ರದು. ಮಾಪಕದಲ್ಲಿ 9ರ ಹತ್ತಿರ ಬರುವ ಆ ಬಿಂದು 35ರ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ವಿದ್ಯುತ್ ವಾಹಕತೆ ಅಳೆಯುವ ಡಿಜಿಟಲ್ ಪೆನ್ನಿಗೂ ನನ್ನ ಉಪ್ಪಿನ ದ್ರಾವಣ ನಡೆಯುವುದಿಲ್ಲ. ವಾಹಕತೆಗೆ ಬೇಕಾದ ಉಪ್ಪಿನ ಪ್ರಮಾಣವೇ ಬೇರೆ. ಪೆನ್ನಿಗೆ 53 ಮಿಲಿಸೀಮೆನ್ಸ್‌ನ ಸಿದ್ಧ ದ್ರಾವಣ ಕೊಳ್ಳುವುದೇ ಸರಿ. 25 ಡಿಗ್ರಿಯಲ್ಲಿ 35 ಪಿಪಿಟಿ ನೀರಿನ ವಾಹಕತೆ ಸೆಂಟಿಮೀಟರಿಗೆ ಅಷ್ಟು. ಪೆನ್ನನ್ನು ಅದ್ದಿದ ಮೇಲೆ ಒಮ್ಮೆ ಅಲುಗಾಡಿಸಿ, ತುದಿಯಲ್ಲಿ ಸಿಕ್ಕಿದ ಗುಳ್ಳೆಗಳನ್ನು ಬಿಡಿಸಬೇಕು.

ಓದುವ ರೀತಿಯಲ್ಲೂ ಅಂಕ ಕೆಡುತ್ತದೆ. ರಿಫ್ರಾಕ್ಟೋಮೀಟರಿನ ಪ್ರಿಸಂ, ಅಂದರೆ ಹನಿ ಹಾಕುವ ಗಾಜು, ಪೂರ್ತಿ ಮುಚ್ಚುವಷ್ಟು ನೀರು ಹಾಕಿ ಅರ್ಧ ನಿಮಿಷ ಕಾಯುತ್ತೇನೆ, ಹನಿಯೂ ಮಾಪಕವೂ ಒಂದೇ ತಾಪಮಾನಕ್ಕೆ ಬರಲಿ ಎಂದು. ಹೆಚ್ಚು ಕಾದರೆ ಹನಿ ಆವಿಯಾಗಿ ಅಂಕ ಮೇಲೇರುತ್ತದೆ. ಟ್ಯಾಂಕಿನ ನೀಲಿ ಎಲ್‌ಇಡಿ ದೀಪದಡಿ ನೋಡುವುದಿಲ್ಲ, ಕಿಟಕಿಯ ಬೆಳಕೇ ಒಳ್ಳೆಯದು. ನೋಡಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒರೆಸುತ್ತೇನೆ.

ನೀರಿನ ಸಾಪೇಕ್ಷ ಸಾಂದ್ರತೆ, ಅಂದರೆ ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ತೋರಿಸುವ ಗಾಜಿನ ತೇಲುವ ಹೈಡ್ರೋಮೀಟರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಳ್ಳೆಯದಾದರೆ ಅದು ತಿರುಪಿಲ್ಲದ ಪ್ರಾಮಾಣಿಕ ಸಾಧನ. ಕೊಳವೆಯ ಮೇಲೆ ಬರೆದಿರುವ ತಾಪಮಾನವನ್ನು ಮಾತ್ರ ಓದಿಕೊಳ್ಳಬೇಕು. 15.6 ಡಿಗ್ರಿಗೆಂದು ಮಾಡಿದ್ದನ್ನು 26 ಡಿಗ್ರಿಯ ಟ್ಯಾಂಕಿನಲ್ಲಿ ತೇಲಿಬಿಟ್ಟರೆ, 35 ಪಿಪಿಟಿ ನೀರಿನಲ್ಲೂ 1.024 ಎಂದು ತೋರಿಸಿ ಮೂರು ಪಿಪಿಟಿ ಕಡಿಮೆಯಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಪ್ಲಾಸ್ಟಿಕ್ ಮುಳ್ಳಿನದು ಬೇಡವೇ ಬೇಡ. ಮುಳ್ಳಿಗೆ ಅಂಟಿದ ಒಂದು ಗುಳ್ಳೆ ಸಾಕು, ಅಂಕ ಜಿಗಿಯುತ್ತದೆ.

ಮಾಪಕ ಸರಿಯಿದ್ದರೂ ನೀರಿನ ಮಟ್ಟ ನೋಡದೆ ತೆಗೆದ ಅಂಕಕ್ಕೆ ಅರ್ಥವಿಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. 100 ಲೀಟರಿನಲ್ಲಿ 3 ಲೀಟರ್ ಆವಿಯಾದರೆ 35 ಇದ್ದದ್ದು 36 ದಾಟುತ್ತದೆ. ಸಂಪಿನ, ಅಂದರೆ ಟ್ಯಾಂಕಿಗೆ ಜೋಡಿಸಿದ ಉಪಟ್ಯಾಂಕಿನ, ಗಾಜಿನ ಮೇಲೆ ಗುರುತು ಹಾಕಿದ್ದೇನೆ. ಆ ಗುರುತಿಗೆ ಸಿಹಿನೀರು ತುಂಬಿಸಿ, ಅದು ಬೆರೆಯಲು ಬಿಟ್ಟು, ಆಮೇಲೆ ಅಳೆಯುತ್ತೇನೆ. ಏಪ್ರಿಲ್‌ನಲ್ಲಿ ಫ್ಯಾನಿನಡಿ ಇಳಿಯುವಷ್ಟು ನೀರು ಜುಲೈನಲ್ಲಿ ಇಳಿಯುವುದಿಲ್ಲ. ಹಾಗಾಗಿ ದಿನಕ್ಕಿಷ್ಟು ಚೊಂಬು ಎಂಬ ಲೆಕ್ಕ ಇಲ್ಲಿ ನಡೆಯದು.

ಸಮುದ್ರವೇ ಪಕ್ಕದಲ್ಲಿರುವಾಗ ಟ್ಯಾಂಕಿನ ನೀರಿಗೆ ಅಕ್ವೇರಿಯಂನ ಸಮುದ್ರದ ಉಪ್ಪಿನ ಪುಡಿ ಏಕೆ ಎಂದು ಮನೆಗೆ ಬಂದವರು ಕೇಳುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಸೇರಿ ಅಳಿವೆಯಲ್ಲಿ ಸುರಿಯುವ ಕೆಂಪು ನೀರನ್ನು ಅವರಿಗೆ ತೋರಿಸುತ್ತೇನೆ. ಆ ದಿನಗಳಲ್ಲಿ ದಡದ ನೀರು ಸಮುದ್ರದ ನೀರಲ್ಲ.

ಅಂಕ ತಪ್ಪಿದ್ದು ಖಚಿತವಾದ ಮೇಲೂ ಆತುರ ಪಡುವುದಿಲ್ಲ. ಕಡಿಮೆಯಿದ್ದರೆ, ಇಳಿದ ಮಟ್ಟವನ್ನು ಸಿಹಿನೀರಿನ ಬದಲು 35ರ ಉಪ್ಪು ನೀರಿನಿಂದ ತುಂಬಿಸುತ್ತಾ ಹೋಗುತ್ತೇನೆ, ಅಂಕ ತಾನಾಗಿ ಮೇಲೇರುತ್ತದೆ. ಹೆಚ್ಚಿದ್ದರೆ ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ತೆಗೆದು ಸಿಹಿನೀರು ಸೇರಿಸುತ್ತೇನೆ. ಎರಡರಲ್ಲೂ ದಿನಕ್ಕೆ ಅರ್ಧ ಪಿಪಿಟಿಗಿಂತ ಹೆಚ್ಚು ಸರಿಸುವುದಿಲ್ಲ. ಪೊರೆ ಕಳಚಿದ ದಿನ ಸೀಗಡಿ ಬಂಡೆಯ ಸಂದಿಯಲ್ಲಿ ಅಡಗಿದ್ದರೆ ಅದನ್ನೂ ಮರುದಿನಕ್ಕೆ ಮುಂದೂಡುತ್ತೇನೆ.