ಕುರಿ ಕಾಯುವ ನಾಯಿಯನ್ನು ಕೊಟ್ಟಿಗೆಯಲ್ಲೇ ಬೆಳೆಸುವ ಬಗೆ

ಮಳವಳ್ಳಿ, ಬನ್ನೂರು ಕಡೆ ಕಬ್ಬಿನ ಗದ್ದೆ ಪಕ್ಕ ಬಂಡೂರು ಕುರಿ ಸಾಕುವವರಿಗೆ ಚಿರತೆಯ ಭಯ ಇದ್ದದ್ದೇ. ಅದಕ್ಕೇ ಟರ್ಕಿಯ ಕಾಂಗಲ್ ನಾಯಿಯ ಮೇಲೆ ಹಲವರಿಗೆ ಆಸೆ.

ಕಾಂಗಲ್ ಬೆಳೆದು ಬಂದದ್ದು ಸಿವಾಸ್ ಪ್ರಾಂತ್ಯದ ಕುರಿಮಂದೆಗಳಲ್ಲಿ, ತೋಳಕ್ಕೆ ಎದುರಾಗಿ. ಗೋಧಿ ಬಣ್ಣದ ಮೈ, ಕಪ್ಪು ಮೂತಿ, ಸುರುಳಿ ಬಾಲ. ಗಂಡು 50–60 ಕೆ.ಜಿ. ತೂಗುತ್ತದೆ. ತೋಳ ಗಂಟಲಿಗೇ ಬಾಯಿ ಹಾಕುವುದರಿಂದ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಈ ನಾಯಿ ಕುರಿ ಅಟ್ಟುವುದಿಲ್ಲ. ಮಂದೆಯ ನಡುವೆ ಮಲಗಿದ್ದು, ಹೊಸ ಪ್ರಾಣಿ ಕಂಡರೆ ಅಡ್ಡ ನಿಂತು ಬೊಗಳುತ್ತದೆ. ನಮೀಬಿಯಾದಲ್ಲಿ 1994ರಿಂದ ಇದರ ಹತ್ತಿರದ ಬಳಗವಾದ ಅನಟೋಲಿಯನ್ ನಾಯಿಗಳನ್ನು ಚೀತಾ ಕಾಟವಿರುವ ರೈತರಿಗೆ ಕೊಡುತ್ತಿದ್ದಾರೆ. ಬೋಟ್ಸ್ವಾನಾದಲ್ಲಂತೂ ಊರ ನಾಯಿಗಳನ್ನೇ ಈ ಕೆಲಸಕ್ಕೆ ಪಳಗಿಸುತ್ತಾರೆ. ಹತ್ತಿಪ್ಪತ್ತು ಕುರಿ ಇರುವ ನಮ್ಮ ಮನೆಗಳಿಗೂ ಅದೇ ಸರಿ. ತಳಿಗಿಂತ ಸಾಕಣೆ ಹೆಚ್ಚು ಮುಖ್ಯ.

ಕೋಳಿ ಹಿಡಿಯುವ ಚಾಳಿಯಿಲ್ಲದ, ದೊಡ್ಡ ಮೈಕಟ್ಟಿನ ನಾಟಿ ತಾಯಿಯ ಮರಿ ನೋಡಿ, 8 ವಾರಕ್ಕೆ ತನ್ನಿ. ಕೊಟ್ಟಿಗೆ ಮೂಲೆಯಲ್ಲಿ ಜಾಲರಿ ಗೂಡು ಕಟ್ಟಿ, ಕುರಿಯ ಮೂಗಿಗೆ ಮರಿಯ ಮೂಗು ತಾಗುವಂತಿರಲಿ. 16 ವಾರ ತುಂಬುವ ತನಕ ಅದರ ಊಟ, ನಿದ್ದೆ ಎಲ್ಲ ಅಲ್ಲೇ. ಜೊತೆಗೆ ನಾಲ್ಕೈದು ಸಾಧು ಕುರಿಮರಿ ಬಿಡಿ, ಟಗರು ಬೇಡ: ಒಮ್ಮೆ ಗುದ್ದಿಸಿಕೊಂಡ ಮರಿ ಕುರಿಯನ್ನು ಕಂಡರೆ ದೂರ ಸರಿಯುತ್ತದೆ. ದಿನಾ ಮೈ ಮುಟ್ಟಿ, ಹಗ್ಗ ಹಾಕಿ ರೂಢಿ ಮಾಡಿ. ಮನೆಯೊಳಗೆ ಮಾತ್ರ ಸೇರಿಸಬೇಡಿ. ಮನೆಯ ರುಚಿ ಹತ್ತಿದರೆ ರಾತ್ರಿ ಬಾಗಿಲಲ್ಲೇ ಮಲಗುತ್ತದೆ.

ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಕಷ್ಟದ ಕಾಲ. ಆಟಕ್ಕೆಂದು ಕುರಿಯ ಕಿವಿ ಕಚ್ಚುತ್ತದೆ, ಓಡಿಸುತ್ತದೆ. ಆ ಕ್ಷಣವೇ ಗದರಿಸಿ. ಕಾಯಲು ಯಾರೂ ಇಲ್ಲದಾಗ ಮತ್ತೆ ಗೂಡಿಗೆ ಹಾಕಿ. ಎರಡು ವರ್ಷ ತುಂಬುವ ಮೊದಲು ಪೂರ್ತಿ ನಂಬಬೇಡಿ.

ಮಾರಿಹಬ್ಬದ ದಿನ ಹಸಿ ತಲೆ, ಮೆದುಳನ್ನು ನಾಯಿಗೆ ಎಸೆಯುವುದನ್ನು ದಯವಿಟ್ಟು ಬಿಡಿ. ಅದರಿಂದ ನಾಯಿ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ. ಹುಳದ ಮೊಟ್ಟೆ ಹೇಲಿನ ಮೂಲಕ ಮೇವಿಗೆ ಸೇರಿ, ಕುರಿಯ ಮೆದುಳಲ್ಲಿ ನೀರುಗುಳ್ಳೆಯಾಗಿ, ಕುರಿ ನಿಂತಲ್ಲೇ ಸುತ್ತಿ ಸುತ್ತಿ ಬೀಳುತ್ತದೆ. ನಾಯಿಗೆ ಮೂರು ತಿಂಗಳಿಗೊಮ್ಮೆ ಲಾಡಿಹುಳದ ಔಷಧಿಯಾದ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನು ತೂಕ ನೋಡಿ ಕೊಡಿಸಿ. ರೇಬಿಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಮುಂದಿನವು ಪಶುವೈದ್ಯರು ಹೇಳಿದಂತೆ.

ನಾಯಿಯೂ ಚಿರತೆಗೆ ಆಹಾರವೇ. ರಾತ್ರಿ ಅಂಗಳದಲ್ಲಿ ಒಂಟಿಯಾಗಿ ಕಟ್ಟಬೇಡಿ. ಕುರಿಗಳ ಜೊತೆ ಒಳಗೆ ಬಿಟ್ಟು ಅಗಳಿ ಹಾಕಿ. ಅದು ಬೊಗಳಿದರೆ ಟಾರ್ಚು ಹಿಡಿದು, ಇನ್ನೊಬ್ಬರನ್ನು ಎಬ್ಬಿಸಿಕೊಂಡೇ ಹೊರಗೆ ಬನ್ನಿ.